ಮುಟ್ಟಿ ಮುಟ್ಟಿ ಕೇಳಿದ ಆಯಿ

ಗಟ್ಟಿ ಚೀಸನ್ನು ತುರಿಯುವಾಗ ಒಂದು ವಾಸನೆ ಏಳುತ್ತದೆ. ಬೆಣ್ಣೆ ಕಾಯಿಸಿ ತುಪ್ಪ ಸೋಸಿದ ಮೇಲೆ ಪಾತ್ರೆಯ ತಳದಲ್ಲಿ ಕಂದು ಗಸಿ ಉಳಿಯುತ್ತದಲ್ಲ, ಅದರದೇ ವಾಸನೆ, ಒಂದಿಷ್ಟು ಉಪ್ಪು ಬೆರೆತಂತೆ. ಹೋದ ತಿಂಗಳು ನಮ್ಮ ಭಾವನ ಮಗನ ನಿಶ್ಚಿತಾರ್ಥದಲ್ಲಿ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ತಟ್ಟೆಯನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಹೊರಗೆ ಎದ್ದು ಬಂದೆ.

ಜಾಗವೋ, ಪುಣೆಯಿಂದ ಕಾತ್ರಜ್ ಘಾಟ್ ದಾಟಿ ಭೋರ್ ಕಡೆಗೆ ಹೋದರೆ ಸಿಗುವ ಒಂದು ರಿಸಾರ್ಟ್. ಇಟಲಿಯ ಹಳ್ಳಿಮನೆಯಂತೆ ಕಟ್ಟಿಸಿದ್ದಾರಂತೆ. ಸಿಮೆಂಟಿನ ಗೋಡೆಗೆ ಕಲ್ಲಿನ ಹಾಗೆ ಕಾಣುವ ಟೈಲ್ಸ್, ಚಪ್ಪರಕ್ಕೆ ಪ್ಲಾಸ್ಟಿಕ್ ದ್ರಾಕ್ಷಿ, ಬಾಗಿಲ ಪಕ್ಕ ಒಂದು ಖಾಲಿ ಪೀಪಾಯಿ. ಈ ಜಾಗವನ್ನು ಆರಿಸಿದವರು ಭಾವ. “ನಾವು ಖರೇ ಇಟಲಿ ನೋಡಿ ಬಂದವ್ರು” ಎಂದು ಬೀಗರ ಮುಂದೆ ಹೇಳುತ್ತಿದ್ದರು, ಬೀಗರು ತಲೆದೂಗುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಇಟಲಿ ನೋಡಿ ಬಂದವರಂತೆ. ಅಲ್ಲಿ ಏನು ಮಾಡಿ ಬಂದರು ಎಂಬುದನ್ನು ನಾನೂ ನೋಡಿದ್ದೇನೆ.

ಹೊರಗೆ ಕುಂಡದಲ್ಲಿ ಒಂದು ನಿಂಬೆಗಿಡವಿತ್ತು. ಅದರ ಪಕ್ಕದ ಕಟ್ಟೆಯ ಮೇಲೆ ಕುಳಿತೆ. ಆಯಿ ನೆನಪಾದಳು…

ಆಯಿ ಅಂದರೆ ನಮ್ಮ ಆಯಿಯಲ್ಲ. ಇಟಲಿಯ ಒಂದು ಗುಡ್ಡದ ಮೇಲಿನ ಹಳ್ಳಿಯಲ್ಲಿ ತನ್ನ ಮನೆಯಲ್ಲೇ ಅತಿಥಿಗಳನ್ನು ಇಟ್ಟುಕೊಂಡು, ಕೆಳಗಿನ ಅಂತಸ್ತಿನಲ್ಲಿ ಊಟದ ಹೋಟೆಲು ನಡೆಸುತ್ತಿದ್ದ ಮುದುಕಿ. ಹೆಸರು ನಮ್ಮ ಯಾರ ನಾಲಿಗೆಗೂ ಹೊರಳಲಿಲ್ಲ. ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಬಂದ ಸಂಜೆಯೇ ಆಯಿ ಎಂದು ಕರೆದುಬಿಟ್ಟಳು. ನಮ್ಮ ಆಳಂದದ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ, ಪುಣೆಯಲ್ಲಿ ತಾಯಿಗೆ. ಮುದುಕಿಗೆ ಎರಡೂ ಸರಿಹೋಗುವಂತಿತ್ತು. ಕರೆದರೆ ಓಗೊಡುತ್ತಿದ್ದಳು.

ಕೆಲವು ವರ್ಷಗಳ ಹಿಂದೆ, ಭಾವನ ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆಂದು ನಾವು ಅಲ್ಲಿಗೆ ಹೋಗಿದ್ದೆವು. ಭಾವ ಪುಣೆಗೆ ಬಂದದ್ದು ಸೆಂಟ್ರಿಂಗ್ ಕೆಲಸಕ್ಕೆ, ತಲೆಯ ಮೇಲೆ ಹಲಗೆ ಹೊತ್ತು. ಈಗ ಧನಕವಡಿಯಲ್ಲಿ ಅರ್ಧ ಓಣಿ ಅವರೇ ಕಟ್ಟಿಸಿದ್ದು. ಅದು ಸುಲಭದ ಮಾತಲ್ಲ, ಒಪ್ಪುತ್ತೇನೆ. ತಮ್ಮನನ್ನು, ಅಂದರೆ ನಮ್ಮ ಮನೆಯವರನ್ನು, ಓದಿಸಿ ದೌಂಡದ ರೈಲ್ವೆ ನೌಕರಿಗೆ ಹಚ್ಚಿದವರೂ ಅವರೇ. ಆದ್ದರಿಂದಲೇ ನಮ್ಮ ಮನೆಯಲ್ಲಿ ಭಾವ ಹೇಳಿದ್ದೇ ಕೊನೆಯ ಮಾತು. ಅವರು ಸುಳ್ಳು ಹೇಳಿದರೂ ಅದೇ ಕೊನೆಯ ಮಾತು.

ಪ್ರವಾಸದ ಏರ್ಪಾಡು ಮಾಡಿದ್ದು ಪುಣೆಯ ಒಬ್ಬ ಟೂರ್ ಏಜೆಂಟ್, ಮರಾಠಿಯವರು. ದೊಡ್ಡ ಹೋಟೆಲುಗಳನ್ನು ಬಿಟ್ಟು ಹಳ್ಳಿಮನೆಗಳಲ್ಲಿ ಇಳಿಸುವ ಹೊಸ ವಿಚಾರ ಅವರದು. ಮಾಂಸ, ಮೊಟ್ಟೆ ಮುಟ್ಟದ ನಮ್ಮಂಥವರಿಗೆ ಆಯಿ ಬೇರೆ ಅಡುಗೆ ಮಾಡಿಕೊಡುವುದೆಂದು ಮಾತಾಗಿತ್ತು. ನಾವು ಮೊದಲನೆಯ ತಂಡ. ನಾವು ಚಲೋ ಇತ್ತು ಅಂದರೆ ತಿಂಗಳು ತಿಂಗಳೂ ಪುಣೆಯಿಂದ ಜನ ಹೋಗುತ್ತಿದ್ದರು, ಚಳಿಗಾಲದಲ್ಲಿ ಕೂಡ. ಆ ಹಳ್ಳಿಗೆ ಚಳಿಗಾಲದಲ್ಲಿ ಒಂದು ನರಪಿಳ್ಳೆಯೂ ಬರುವುದಿಲ್ಲವಂತೆ. ಆಯಿಯ ಮಗ ಮನೆ ಮಾರಬೇಕೆಂದು ಹಟ ಹಿಡಿದಿದ್ದ. ಈ ಚಳಿಗಾಲ ಒಲೆ ಆರದಂತೆ ನಡೆಸಿ ತೋರಿಸಿದರೆ ಮಾರುವ ಮಾತು ಎತ್ತುವುದಿಲ್ಲ ಎಂದು ಆಯಿ ಅವನಿಂದ ಮಾತು ತೆಗೆದುಕೊಂಡಿದ್ದಳು. ಇದನ್ನೆಲ್ಲ ಹೇಳಿದ್ದು ಇಂಗ್ಲಿಷ್ ಬಲ್ಲ ಅವಳ ಮಗಳು. ನಮಗೆ ಸಹಾಯವಾಗಲೆಂದು ಅವಳು ರಜೆ ಹಾಕಿ ಬಂದಿದ್ದಳು. ಕೇಳುವಾಗ ಭಾವನೂ ಅಲ್ಲೇ ಇದ್ದರು. “ಅವರಿಗೆ ಚಿಂತಿ ಮಾಡಬ್ಯಾಡಂತ ಹೇಳು, ನಮ್ಮ ಸಮಾಜದ ಮಂದೀನೆಲ್ಲಾ ಕಳಸ್ತೀನಿ” ಎಂದು ನನ್ನಿಂದಲೇ ಹೇಳಿಸಿದರು.

ನಾವು ಅಲ್ಲಿಗೆ ಹೋಗಿ ಇಳಿದ ಸಂಜೆ ನಡೆದದ್ದನ್ನು ಸರಿಯಾಗಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಚೀಲ ಇಳಿಸಿದ ಕೂಡಲೇ ಆಯಿ ನಮ್ಮನ್ನು ಅಡುಗೆಮನೆಗೆ ಕರೆದೊಯ್ದಳು. ನಡುವೆ ಒಂದು ದೊಡ್ಡ ಮರದ ಮೇಜು. ಅದರ ಮೇಲೆ ತಾನು ಅಡುಗೆಗೆ ಬಳಸುವ ಒಂದೊಂದು ವಸ್ತುವನ್ನೂ ಸಾಲಾಗಿ ಇಟ್ಟಿದ್ದಳು. ಹಿಟ್ಟು, ಎಣ್ಣೆ, ಬೀನ್ಸ್, ಟೊಮೆಟೊ, ಈರುಳ್ಳಿ, ಮೊಟ್ಟೆ, ಒಂದು ಬಾಟಲಿಯಲ್ಲಿ ಮೂಳೆಯ ರಸ, ಬೆಣ್ಣೆ, ಗಾಡಿಯ ಗಾಲಿಯಂಥ ಚೀಸಿನಿಂದ ಕೊಯ್ದ ದೊಡ್ಡ ತುಂಡು. ಬೇರೆ ಥರ ಉಣ್ಣುವ ಅತಿಥಿಗಳು ಬಂದಾಗ ಅವಳ ತಾಯಿಯೂ ಹೀಗೇ ಮಾಡುತ್ತಿದ್ದಳಂತೆ. ಮಗಳು ಬಂದು ಸೇರಿದ್ದು ಮರುದಿನ, ಆದರೆ ಭಾಷೆ ಬರದಿದ್ದರೂ ಕೈ ಬರುತ್ತದಲ್ಲ. ಒಂದೊಂದನ್ನೂ ಮುಟ್ಟುವುದು, ನಮ್ಮ ಮುಖ ನೋಡುವುದು, ಹುಬ್ಬು ಏರಿಸುವುದು. ಹೌದಾ, ಬೇಡವಾ.

ನಮ್ಮ ಪರವಾಗಿ ಉತ್ತರ ಹೇಳಿದವರು ಭಾವ. ಬೇರೆ ಯಾರು ಹೇಳಬೇಕು, ಹಿರಿಯರು. ಮೊಟ್ಟೆಗೆ ಬೇಡ, ರಸದ ಬಾಟಲಿಗೆ ಎರಡೂ ಕೈ ಅಡ್ಡ ಆಡಿಸಿ ಬೇಡವೇ ಬೇಡ. ಚೀಸಿನ ಸರದಿ ಬಂದಾಗ ಆಯಿ ಅದರ ಮೇಲೆ ಕೈಯಿಟ್ಟು ಕೇಳಿದಳು. ಭಾವ ಬಗ್ಗಿ ಮೂಸಿ ನೋಡಿದರು. ಹೋರಿಯ ಬೆನ್ನು ತಟ್ಟುವಂತೆ ಅದನ್ನು ತಟ್ಟಿ, “ಎಸ್, ಎಸ್, ಮಿಲ್ಕ್” ಅಂದರು. ಆಯಿ ಇನ್ನೊಮ್ಮೆ ಮುಟ್ಟಿ ಕೇಳಿದಳು. ಇನ್ನೊಮ್ಮೆ ಎಸ್ ಅಂದರು. ಬೇಡ ಅಂದದ್ದನ್ನೆಲ್ಲ ಅವಳು ಬುಟ್ಟಿಯಲ್ಲಿ ತುಂಬಿ, ಅವುಗಳಿಗೆ ಬಳಸಿದ ಪಾತ್ರೆ, ಸೌಟುಗಳನ್ನೂ ಎತ್ತಿಕೊಂಡು, ಹಿತ್ತಲಿನ ಕೋಣೆಯಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈ ತಂದು ನನ್ನ ನೆಗೆಣ್ಣಿಯ ಕೈಗೆ ಕೊಟ್ಟಳು.

ಯೋಚಿಸಿ ನೋಡಿ. ತನ್ನ ಮನೆಯಲ್ಲಿ, ತನ್ನ ಪಾತ್ರೆಗಳ ಬೀಗದ ಕೈಯನ್ನು ಗುರುತು ಪರಿಚಯ ಇಲ್ಲದ ಹೆಂಗಸಿನ ಕೈಗೆ ಕೊಟ್ಟವಳು. ಅವಳನ್ನು ಇವರು ಮೋಸಗಾತಿ ಅಂದರು.

ಆ ದಿನಗಳು ಎಷ್ಟು ಚೆನ್ನಾಗಿದ್ದವು… ಹಳೆಯ ರೊಟ್ಟಿಯನ್ನು ಮುರಿದು ಬೀನ್ಸಿನ ಸಾರಿನಲ್ಲಿ ಹಾಕಿ ಕುದಿಸಿದ ಒಂದು ಅಡುಗೆ ಮಾಡಿದ್ದಳು. ಒಣ ರೊಟ್ಟಿ ಸಾರಿನಲ್ಲಿ ಕಲಸಿ ಉಂಡು ಬೆಳೆದ ನಮಗೆ ಅದು ಹೊರಗಿನದು ಅನ್ನಿಸಲೇ ಇಲ್ಲ. ಊಟದ ಮೇಜಿನಲ್ಲಿ ಕೈ ಒರೆಸಿಕೊಳ್ಳಲು ಒಬ್ಬೊಬ್ಬರಿಗೆ ಒಂದೊಂದು ಬಟ್ಟೆ, ಅದನ್ನು ಮಡಚಿಡಲು ಒಂದೊಂದು ಪುಟ್ಟ ಚೀಲ. ಇದ್ದಷ್ಟು ದಿನ ಅದೇ ಬಟ್ಟೆ. ಮುಸುರೆ ಬಟ್ಟೆಯನ್ನು ಮರುದಿನ ಮುಟ್ಟುವುದು ಹೇಗೆಂದು ನೆಗೆಣ್ಣಿ ಎಲ್ಲರದನ್ನೂ ದಿನಾ ಒಗೆದು ಹಾಕುತ್ತಿದ್ದಳು. ಎರಡನೆಯ ದಿನ ಆಯಿ ಏನೂ ಕೇಳದೆ ಹಗ್ಗದ ಪಕ್ಕ ಒಂದು ಸೋಪು, ಒಂದು ಬಕೆಟ್ ಇಟ್ಟಳು. ನಕ್ಕಳು, ಅಷ್ಟೆ.

ಅವರಿಬ್ಬರ ಗೆಳೆತನ ಬೆಳೆದದ್ದು ಹಿಟ್ಟಿನಿಂದ. ಮೊಟ್ಟೆ ಹಾಕದೆ ಬರೀ ನೀರಿನಲ್ಲಿ ಕಲಸಿದ ಕಣಕವನ್ನು ಆಯಿ ಬೆರಳಿನಿಂದ ಹೊಸೆಯುತ್ತಿದ್ದುದನ್ನು ನೋಡುತ್ತಿದ್ದ ನೆಗೆಣ್ಣಿ ತಾನೂ ತೋಳೇರಿಸಿ ಕುಳಿತಳು. ನಮ್ಮಲ್ಲಿ ಮದುವೆ ಮನೆಗಳಲ್ಲಿ ಪಾಯಸಕ್ಕೆಂದು ಹೆಂಗಸರು ಕಣಕದಿಂದ ಸೌತೆಬೀಜ, ಗೌಲಿ, ಪರಡಿ ಎಂಬ ಪುಟ್ಟ ಪುಟ್ಟ ಶಾವಿಗೆ ಹೊಸೆಯುತ್ತಾರಲ್ಲ, ಅದನ್ನೇ ಮಾಡತೊಡಗಿದಳು. ಅವಳ ಹೆಬ್ಬೆರಳಿನಿಂದ ಸೌತೆಬೀಜಗಳು ಪಟಪಟ ಉದುರುವುದನ್ನು ಕಂಡು ಆಯಿ ಕೆಲಸ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ಬಂದಳು. ಆ ದಿನದ ಊಟ ಅದೇ. ಸೌತೆಬೀಜ ಬೇಯಿಸಿ, ಬೆಣ್ಣೆಯಲ್ಲಿ ಯಾವುದೋ ಘಮಘಮಿಸುವ ಎಲೆ ಹುರಿದು ಸುರಿದು, ಮೇಲೆ ಆ ಚೀಸ್ ತುರಿದು ಬಡಿಸಿದಳು. ಭಾನುವಾರ ಉಣ್ಣಲು ಬಂದ ಹಳ್ಳಿಯವರಿಗೂ ಅದನ್ನೇ ಬಡಿಸಿ, ನೆಗೆಣ್ಣಿಯ ಕೈ ಹಿಡಿದೆತ್ತಿ, ಇದನ್ನು ಮಾಡಿದವಳು ಇವಳು ಎಂದು ತೋರಿಸಿದಳು. ಹಳ್ಳಿಯವರು ಚಪ್ಪಾಳೆ ತಟ್ಟಿದರು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ನನ್ನ ನೆಗೆಣ್ಣಿಗೆ ನಮ್ಮ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಭಾವನ ಊಟದ ವಿಷಯ ನಾನು ಹೇಳುವುದೇ ಬೇಡ. ಒಂದು ಬಾರಿಗೆ ನಿಲ್ಲಿಸಿದ್ದನ್ನು ನಾನು ನೋಡಲಿಲ್ಲ. ಆಯಿ ನಮ್ಮಿಂದ ಕಲಿತ ಕನ್ನಡ ಒಂದೇ ಮಾತು, “ಸಾಕ್ರಿ?” ಬೋಗುಣಿ ಹಿಡಿದು ಬಂದು ಅವಳು ಕೇಳುವುದು, ಭಾವ ತಟ್ಟೆ ಮುಂದೆ ಒಡ್ಡುವುದು. ತುರಿದ ಚೀಸ್ ಸಾಲದೆ ತುಂಡೇ ಬೇಕು ಅನ್ನುವರು. ಫೋಟೋ ತೆಗೆಸಿಕೊಂಡು ಪುಣೆಗೆ ಕಳಿಸುವರು.

ಆ ಫೋಟೋಗಳಿಂದಲೇ ಬಂತು ನೋಡಿ. ಹೊರಡುವ ದಿನ ಬೆಳಿಗ್ಗೆ, ಸಮಾಜದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಬರೆದಿದ್ದ. ಆ ದೇಶದ ಗಟ್ಟಿ ಚೀಸಿಗೆ ಹಾಲು ಒಡೆಸಲು ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದನ್ನು ಹಾಕುತ್ತಾರೆ, ಗೊತ್ತಿಲ್ಲವೇ, ಎಂದು. ವಿಷಯ ಸುಳ್ಳಲ್ಲ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇಡ ಅನ್ನುತ್ತಿದ್ದೆವು, ಅದೂ ಹಿತ್ತಲಿನ ಕೋಣೆ ಸೇರುತ್ತಿತ್ತು. ಅಲ್ಲಿನವರಿಗೆ ಅದು ಹಾಲಿನ ಪದಾರ್ಥ, ನಮ್ಮವರಿಗೂ ಆ ಬೆಳಿಗ್ಗೆಯವರೆಗೆ ಅದೇ ಆಗಿತ್ತು. ತಿಳಿಯದೆ ಆದದ್ದು. ಮನಸ್ಸಿಗೆ ಕಸಿವಿಸಿಯಾಗುವುದು ಸಹಜ, ನನಗೂ ಆಯಿತು. ಆದರೆ ತಟ್ಟಿ ತಟ್ಟಿ ಎಸ್ ಅಂದವರು ಯಾರು?

ಭಾವ ತಟ್ಟೆ ತಳ್ಳಿದರು. ಅಂಗಳಕ್ಕೆ ಓಡಿ, ಅಲ್ಲಿದ್ದ ನಿಂಬೆಯ ಕುಂಡದ ಪಕ್ಕ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಕೊಳ್ಳಲು ನೋಡಿದರು. ಏನೋ ಹೊಟ್ಟೆ ಕೆಟ್ಟಿತೆಂದು ತಿಳಿದು ಆಯಿ ಒದ್ದೆ ಬಟ್ಟೆ ತಂದಳು. ಒಂದು ಕೈಯಲ್ಲಿ ಅವರ ಹಣೆ ಹಿಡಿದು, ಇನ್ನೊಂದು ಕೈಯಿಂದ ಬೆನ್ನು ನೀವಿದಳು. ಭಾವ ಆ ಕೈಯನ್ನು ಕೊಡವಿ ಎಸೆದರು. ನನ್ನ ಕಡೆ ತಿರುಗಿ, “ಮೋಸ ಮಾಡ್ಯಾಳ, ನಮ್ಮ ಧರ್ಮ ಕೆಡಿಸ್ಯಾಳ ಅಂತ ಹೇಳು ಆಕೀಗಿ” ಅಂದರು.

“ನಾ ಹೇಳಂಗಿಲ್ರಿ. ಆಕಿ ಕೇಳ್ಯಾಳ, ನೀವ ಹೂಂ ಅಂದೀರಿ” ಎಂದೆ.

ನಮ್ಮ ಮನೆಯವರು ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಅಣ್ಣನ ಮುಂದೆ ಬಾಯಿ ಮಾಡಬಾರದಂತೆ. ನೆಗೆಣ್ಣಿ ಕಂಬ ಹಿಡಿದು ನಿಂತಿದ್ದಳು. ಅವಳೂ ಮೇಜಿನ ಹತ್ತಿರ ಇದ್ದವಳು, ಬೀಗದ ಕೈ ಇಸಿದುಕೊಂಡವಳು. ಒಂದು ಮಾತೂ ಆಡಲಿಲ್ಲ. ಕೊನೆಗೆ ಭಾವ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಆಯಿಯ ಮಗಳ ಮೇಲೆ ಕೂಗಾಡಿದರು. ಮಗಳು ಹೇಳಿದ್ದನ್ನು ಕೇಳಿದ ಆಯಿ ಅಡುಗೆಮನೆಗೆ ಹೋಗಿ ಆ ಚೀಸಿನ ತುಂಡನ್ನು ಎತ್ತಿಕೊಂಡು ಬಂದಳು. ಅದರ ಮೇಲೆ ಕೈಯಿಟ್ಟಳು. ಭಾವನ ಮುಖ ನೋಡಿದಳು. ಮೊದಲ ದಿನದ ಹಾಗೆಯೇ ಹುಬ್ಬು ಏರಿಸಿ ನಿಂತಳು. ಭಾವ ಕಾರಿನಲ್ಲಿ ಕುಳಿತು ಗಾಜು ಏರಿಸಿದರು.

ಅಲ್ಲಿಗೆ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೋ ಏನೋ. ಪುಣೆಗೆ ಬಂದ ಮೇಲೆ ಭಾವ ಅಯ್ಯನವರನ್ನು ಕರೆಸಿ ಶುದ್ಧಿಯ ಪೂಜೆ ಮಾಡಿಸಿದರು, ಮಂದಿಗೆ ಊಟ ಹಾಕಿಸಿದರು. ಮಾಡಿಸಲಿ, ಅದು ಅವರ ನಂಬಿಕೆ. ಆದರೆ ಆ ಪೂಜೆಗೆ ಬಂದವರ ಮುಂದೆಲ್ಲ ಕಥೆ ಬೆಳೆಯಿತು. ಮುದುಕಿ ಬೇಕಂತಲೇ ಹಾಕಿದಳು, ಕೇಳಿದರೆ ನಕ್ಕಳು, ಇವರು ಅಂಗಳದಲ್ಲೇ ಅವಳಿಗೆ ಬುದ್ಧಿ ಹೇಳಿ ಬಂದರು. ಸಮಾಜದಲ್ಲಿ ಭಾವನಿಗೆ ಶಾಲು ಹೊದಿಸಿದರು. ಆಯಿಯ ಮನೆಯ ಚಿತ್ರ ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ, ಇಲ್ಲಿ ಶಾಕಾಹಾರಿಗಳಿಗೆ ಮೋಸ ಮಾಡುತ್ತಾರೆ ಎಂದು ಭಾವ ಮಗನ ಕೈಯಿಂದ ಬರೆಸಿದರು. ಸಮಾಜದವರೂ ಬರೆದರು. ಆ ಮನೆಯ ಮೆಟ್ಟಿಲನ್ನೂ ಕಾಣದವರು ಬರೆದರು. ನಾನು ಆದದ್ದು ಆದ ಹಾಗೆ ಒಂದು ಬರೆದೆ. ಆ ರಾಶಿಯ ಕೆಳಗೆ ಅದು ಯಾರ ಕಣ್ಣಿಗೆ ಬೀಳಬೇಕು?

ಟೂರ್ ಏಜೆಂಟರ ಆಫೀಸಿಗೂ ಹೋದೆ, ಮನೆಯವರಿಗೆ ಹೇಳದೆ. ನಡೆದದ್ದೆಲ್ಲ ಹೇಳಿದೆ. ಕೇಳಿಸಿಕೊಂಡರು, ಚಹಾ ತರಿಸಿದರು. “ಕಾಕೂ, ತುಮಚಂ ಖರಂ ಆಹೇ” ಅಂದರು, ನಿಮ್ಮ ಮಾತು ನಿಜ ಎಂದು. ಆದರೆ ಧರ್ಮದ ವಿಷಯ, ಹೆಸರು ಒಮ್ಮೆ ಕೆಟ್ಟರೆ ಧಂದೆ ನಿಲ್ಲುತ್ತದೆ, ಆ ಮನೆಗೆ ಇನ್ನು ಯಾರನ್ನೂ ಕಳಿಸಲಾಗುವುದಿಲ್ಲ ಎಂದು ಕೈ ಮುಗಿದರು. ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ಬಂದು ಕುಳಿತಿತ್ತು. ನಮ್ಮ ಮನೆಯವರು ವಾರಗಟ್ಟಲೆ ನನ್ನೊಡನೆ ಮಾತಾಡಲಿಲ್ಲ. ನಾನೂ ಆಡಿಸಲಿಲ್ಲ.

ಚಳಿಗಾಲ ಕಳೆಯಿತು. ಆಯಿಯ ಒಲೆಗೆ ಜನ ಬರಲಿಲ್ಲ. ಮನೆ ಮಾರಿದರು. ಕೊಂಡವರು ಅಡುಗೆಮನೆಯ ಗೋಡೆ ಒಡೆದು ಕಾರು ನಿಲ್ಲಿಸುವ ಜಾಗ ಮಾಡಿಕೊಂಡರಂತೆ. ಆಯಿ ಮಗಳ ಜೊತೆ ಪಟ್ಟಣದ ಫ್ಲ್ಯಾಟಿಗೆ ಹೋದಳು. ಮಗಳು ಆಗಾಗ ಫೋನಿನಲ್ಲಿ ಎರಡು ಸಾಲು ಕಳಿಸುತ್ತಿದ್ದಳು. ಅಮ್ಮ ಇಬ್ಬರಿಗೆ ಅಡುಗೆ ಮಾಡಲು ಕಲಿಯುತ್ತಲೇ ಇಲ್ಲ, ದಿನಾ ಹತ್ತು ಜನಕ್ಕಾಗುವಷ್ಟು ಮಾಡುತ್ತಾಳೆ ಎಂದು ಒಮ್ಮೆ. ಅಮ್ಮ ಹೆಚ್ಚು ಮಾತಾಡುತ್ತಿಲ್ಲ ಎಂದು ಇನ್ನೊಮ್ಮೆ. ಆಮೇಲೆ ಹೋದ ಮಳೆಗಾಲದಲ್ಲಿ, ಅಮ್ಮ ತೀರಿಕೊಂಡಳು ಎಂದು…

ಜೊತೆಗೆ ಇನ್ನೊಂದು ಮಾತಿತ್ತು. ಕಡೆಯ ತಿಂಗಳುಗಳಲ್ಲಿ ಆಯಿ ಮಗಳನ್ನು ಕೇಳುತ್ತಿದ್ದಳಂತೆ, ಆ ದಿನ ಮೇಜಿನ ಮೇಲೆ ನಾನು ಇನ್ನೇನು ಕೇಳಬೇಕಾಗಿತ್ತು, ಎಂದು. ಹಿಟ್ಟು ಕೇಳಿದೆ, ಎಣ್ಣೆ ಕೇಳಿದೆ, ಚೀಸನ್ನು ಎರಡು ಸಲ ಕೇಳಿದೆ. ಏನು ಬಿಟ್ಟೆ?

ಏನನ್ನೂ ಬಿಟ್ಟಿರಲಿಲ್ಲ ಆಯಿ. ಅದನ್ನು ಅವಳಿಗೆ ಹೇಳಬೇಕಾದವರು ಹೇಳಲಿಲ್ಲ. ತಾನೇ ತಪ್ಪಿದೆ ಎಂದುಕೊಂಡು ಹೋದಳಲ್ಲ, ಅದು ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಬೆಂಕಿಯಾಗಿ ಉರಿಯುತ್ತದೆ.

ಇದೆಲ್ಲ ನೆನೆಯುತ್ತ ರಿಸಾರ್ಟಿನ ಕಟ್ಟೆಯ ಮೇಲೆ ಕುಳಿತಿದ್ದಾಗ ಭಾವ ನನ್ನನ್ನು ಹುಡುಕಿಕೊಂಡು ಬಂದರು. ಹೆಗಲ ಮೇಲೆ ಜರಿಯ ಶಲ್ಯ, ಕೈಯಲ್ಲಿ ತಟ್ಟೆ, ತಟ್ಟೆಯ ತುಂಬ ಪಾಸ್ತಾ, ಪಾಸ್ತಾವೇ ಕಾಣದಷ್ಟು ಮೇಲೆ ಚೀಸ್.

“ಏ ತಂಗಿ, ಇಲ್ಯಾಕ ಕುಂತೀ? ಒಳಗ ಬಾ, ಉಣ್ಣು” ಅಂದರು. ಬಾಯಿ ತುಂಬ ತಿನ್ನುತ್ತಲೇ, “ಚಲೋ ಮಾಡ್ಯಾರ. ಆದ್ರ ಆ ಇಟಲಿ ಆಯಿ ಕೈ ರುಚಿ ಬರಂಗಿಲ್ಲ ನೋಡು. ಹೆಂಗದಾಳಂತ ಆಕಿ?”

“ತೀರ್ಕೊಂಡಾಳ್ರಿ.”

“ಪಾಪ. ಭಾಳ ಚಲೋ ಹೆಣಮಗಳು” ಅಂದು ತಟ್ಟೆಯ ಅಂಚಿಗಂಟಿದ ಚೀಸನ್ನು ಬೆರಳಿನಿಂದ ಒರೆಸಿ ಬಾಯಿಗಿಟ್ಟುಕೊಂಡರು.

ನಾನು ಎದ್ದು ನಿಂತೆ. “ಈ ಚೀಜಿನಾಗ ಏನ್ ಹಾಕ್ಯಾರಂತ ಒಳಗ ಕೇಳೀರೇನ್ರಿ?”

ಭಾವ ನಕ್ಕರು. “ಅದೆಲ್ಲಾ ಈಗ ಯಾರ್ ಕೇಳ್ತಾರವಾ. ಕಾಲ ಬದಲಾಗ್ಯಾದ.”

“ಆಕಿ ಕೇಳಿದ್ಲು. ಸಾಯೂ ತನಕ ಕೇಳ್ತಿದ್ಲಂತ. ಆ ದಿನ ಟೇಬಲ್ ಮ್ಯಾಲ ಏನ್ ಕೇಳೂದು ಬಿಟ್ಟೆ ಅಂತ. ನೀವ ಹೇಳ್ರಿ, ಏನ್ ಬಿಟ್ಟಿದ್ಲು?”

ಅವರು ನನ್ನ ಮುಖ ನೋಡಿದರು. ನಾಟಕವಲ್ಲ, ನಿಜವಾಗಿಯೂ ತಿಳಿಯದೆ ನೋಡಿದರು.

“ಯಾವ ಟೇಬಲ್ಲು?”

ಒಬ್ಬ ಹೆಂಗಸಿನ ಒಲೆ ಆರಿಸಿ ಬಂದವರಿಗೆ ಆ ಒಲೆ ಎಲ್ಲಿತ್ತೆಂಬುದೇ ನೆನಪಿಲ್ಲ.

“ನನಗ ನೆನಪದ” ಎಂದು ಹಿಂದಿನಿಂದ ದನಿ ಬಂತು. ನೆಗೆಣ್ಣಿ. ಯಾವಾಗ ಬಂದು ನಿಂತಿದ್ದಳೋ. ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ, ಕೈಯಲ್ಲಿ ಬೀಗರಿಗೆ ಕೊಡಲು ತಂದ ಎಲೆಯಡಿಕೆಯ ತಟ್ಟೆ. “ಮೊದಲ ದಿನಾನ ಅಡಗಿಮನಿ ಟೇಬಲ್ ಮ್ಯಾಲ ಆಕಿ ಎಲ್ಲಾ ಮುಟ್ಟಿ ಮುಟ್ಟಿ ಕೇಳಿದ್ಲು. ಚೀಜು ಎರಡ ಸಲ ಕೇಳಿದ್ಲು. ನೀವ ತಟ್ಟಿ ಹೂಂ ಅಂದ್ರಿ. ಬೀಗದ ಕೈ ನನ್ನ ಕಡೆ ಇತ್ತು.”

ಅಷ್ಟು ವರ್ಷದ ಸಂಸಾರದಲ್ಲಿ ಅವಳು ಗಂಡನಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಭಾವ ಒಮ್ಮೆ ಅವಳನ್ನು, ಒಮ್ಮೆ ಬಾಗಿಲಲ್ಲಿ ನಿಂತಿದ್ದ ಬೀಗರನ್ನು ನೋಡಿ, ತಟ್ಟೆಯನ್ನು ನಿಂಬೆಯ ಕುಂಡದ ಮೇಲಿಟ್ಟು ಒಳಗೆ ಹೋದರು. ನೆಗೆಣ್ಣಿ ನನ್ನ ಕಡೆ ನೋಡಿದಳು. ನಾನು ಅವಳ ಕೈ ಹಿಡಿಯುತ್ತೇನೆಂದು ಕಾದಳೇನೋ. ನನಗೆ ಹಿಡಿಯಲಾಗಲಿಲ್ಲ.

ಆ ಮಾತು ಅಂದು ಆ ಅಂಗಳದಲ್ಲಿ ಬೇಕಾಗಿತ್ತು ಅಕ್ಕ. ಚೀಸನ್ನು ಎತ್ತಿಕೊಂಡು ಅವಳು ಹುಬ್ಬು ಏರಿಸಿ ನಿಂತಿದ್ದಾಗ. ಈಗ ಯಾರಿಗೆ ಹೇಳೋಣ?